ಪ್ರಾಸ್ಟೇಟ್ ಆಪರೇಷನ್ ಮತ್ತು ಗಂಡು ಹಾರ್ಮೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೂತ್ರರೋಗ ವಿಭಾಗದ ವಾರ್ಡಿನಲ್ಲಿ ನಾನು ನರ್ಸ್. ರೋಗಿಗಳು ಕರೆಯುವುದು ‘ಬ್ರದರ್’ ಅಂತ. ಡಾಕ್ಟರ ಮುಂದೆ ಬಾಯಿ ಬಿಡಲು ಸಂಕೋಚಪಡುವವರು ನನ್ನನ್ನು ಕೇಳುತ್ತಾರೆ. ಮೂತ್ರ ಇಳಿಸಲು ಹಾಕಿದ ನಳಿಕೆಯ, ಅಂದರೆ ಕ್ಯಾತಿಟರಿನ ಚೀಲ ಖಾಲಿ ಮಾಡುವಾಗ ಕೇಳುತ್ತಾರೆ, ಹೆಂಡತಿ ಕಾಫಿ ತರಲು ಕ್ಯಾಂಟೀನಿಗೆ ಹೋದ ಐದು ನಿಮಿಷದಲ್ಲಿ ಕೇಳುತ್ತಾರೆ. ಮನೆಗೆ ಹೋದಮೇಲೆ ಫೋನು, ವಾಟ್ಸಾಪು. ಇಬ್ಬರು ಮೂವರು ಹಿರಿಯರು ಅಂಚೆಯಲ್ಲಿ ಕಾಗದವನ್ನೇ ಬರೆದಿದ್ದಾರೆ. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ಔಷಧ, ನಿಮ್ಮ ರಿಪೋರ್ಟಿನ ಬಗ್ಗೆ ಕೊನೆಯ ತೀರ್ಮಾನ ಮಾತ್ರ ನಿಮ್ಮನ್ನು ನೋಡುತ್ತಿರುವ ಡಾಕ್ಟರದ್ದೇ.

## ಮೊದಲಿಗೆ

“ಬ್ರದರ್, ಪ್ರಾಸ್ಟೇಟ್ ಆಪರೇಷನ್ ಮಾಡಿಸಿದ್ರೆ ಗಂಡಸ್ತನದ ಹಾರ್ಮೋನ್ ಹೋಗ್ಬಿಡುತ್ತಾ?”

ಇಲ್ಲ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ತಯಾರಾಗುವುದು ಪ್ರಾಸ್ಟೇಟಿನಲ್ಲಲ್ಲ, ವೃಷಣಗಳಲ್ಲಿ, ಅಂದರೆ ನಾವು ಬೀಜ ಎನ್ನುತ್ತೇವಲ್ಲ, ಅಲ್ಲಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲಿಯದು. ಉಳಿದ ಚೂರು ಪಾರು ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಬರುತ್ತದೆ. ಪ್ರಾಸ್ಟೇಟ್ ಇರುವುದು ಹೊಟ್ಟೆಯೊಳಗೆ, ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು. ವೀರ್ಯಕ್ಕೆ ಬೇಕಾದ ದ್ರವದ ಒಂದು ಭಾಗವನ್ನು ಒದಗಿಸುವುದು ಅದರ ಕೆಲಸ.

ಮಂಡ್ಯದ ಕಡೆಯ ರೈತರೊಬ್ಬರು ಮೂರು ತಿಂಗಳು ಕ್ಯಾತಿಟರ್ ಹಾಕಿಕೊಂಡೇ ಓಡಾಡಿದರು, ಆಪರೇಷನ್ನಿಗೆ ಸಹಿ ಹಾಕಲಿಲ್ಲ. ಯಾಕೆ ಅಂತ ಕೇಳಿದರೆ ಮೊದಲು ಹೊಲದ ಕೆಲಸ ಅಂದರು, ಆಮೇಲೆ ಮಗಳ ಮದುವೆ ಅಂದರು. ಕೊನೆಗೆ ಒಂದು ಸಂಜೆ, ಪಕ್ಕದ ಹಾಸಿಗೆಯವರು ಮಲಗಿದ್ದಾರೋ ಇಲ್ಲವೋ ನೋಡಿಕೊಂಡು, “ಹೋರಿಗೆ ಬೀಜ ಒಡೆಸಿ ಎತ್ತು ಮಾಡ್ದಂಗೆ ಅಲ್ವಾ ಇದು?” ಅಂದರು. ಓಪಿಡಿ ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಚಿತ್ರ ಬರೆದು ತೋರಿಸಿದೆ: ಇಲ್ಲಿ ಮೂತ್ರಕೋಶ, ಅದರ ಕೆಳಗೆ ಪ್ರಾಸ್ಟೇಟ್, ಬೀಜ ಇರುವುದು ಇಷ್ಟು ದೂರದಲ್ಲಿ. ಡಾಕ್ಟರು ಮೂತ್ರದ ದಾರಿಯಲ್ಲಿ ಹೋಗಿ ಇಲ್ಲಿ ಮಾತ್ರ ಕೆರೆಯುತ್ತಾರೆ, ಅತ್ತ ಕೈ ಹಾಕುವುದೇ ಇಲ್ಲ. ಅವರು ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮಾರನೆಯ ದಿನ ಸಹಿ ಮಾಡಿದರು.

“ಹಂಗಾದ್ರೆ ಪ್ರಾಸ್ಟೇಟಿಗೂ ಹಾರ್ಮೋನಿಗೂ ಸಂಬಂಧವೇ ಇಲ್ವಾ?”

ಇದೆ, ಆದರೆ ಸಂಬಂಧ ಉಲ್ಟಾ. ಪ್ರಾಸ್ಟೇಟ್ ಹಾರ್ಮೋನನ್ನು ಹುಟ್ಟಿಸುವುದಿಲ್ಲ, ಅದನ್ನು ಉಂಡು ಬದುಕುತ್ತದೆ. ರಕ್ತದಲ್ಲಿ ಬಂದ ಟೆಸ್ಟೋಸ್ಟಿರಾನನ್ನು ಅದು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಸಹಾಯದಿಂದ ಇನ್ನೂ ತೀಕ್ಷ್ಣವಾದ ಡೈಹೈಡ್ರೋಟೆಸ್ಟೋಸ್ಟಿರಾನ್ ಆಗಿ ಬದಲಿಸಿಕೊಳ್ಳುತ್ತದೆ. ಹರೆಯದವರಲ್ಲಿ ಸುಮಾರು 20 ಗ್ರಾಂ ಇರುವ ಗ್ರಂಥಿ ವಯಸ್ಸಾದಂತೆ ಹಿಗ್ಗುವುದು ಈ ಊಟದ ಬಲದಿಂದಲೇ. ಬೀಜ ಒಡೆಸಿದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿಯುತ್ತದೆ ಎಂಬುದನ್ನು ಲಂಡನ್ನಿನ ಸರ್ಜನ್ ಜಾನ್ ಹಂಟರ್ 18ನೇ ಶತಮಾನದಲ್ಲೇ ಗಮನಿಸಿದ್ದರು.

“ಡಾಕ್ಟ್ರು ಬರೀ ‘ಪ್ರಾಸ್ಟೇಟ್ ಆಪರೇಷನ್’ ಅಂದ್ರು. ಯಾವುದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

ಈ ಒಂದು ಪ್ರಶ್ನೆಯನ್ನು ಸಹಿ ಹಾಕುವ ಮೊದಲು ಕೇಳಲೇಬೇಕು. ಎಲ್ಲ ಗೊಂದಲವೂ ಮೂರು ಬೇರೆ ಬೇರೆ ಆಪರೇಷನ್ನುಗಳನ್ನು ಒಂದೇ ಹೆಸರಿನಿಂದ ಕರೆಯುವುದರಿಂದ ಹುಟ್ಟುತ್ತದೆ.

ಗ್ರಂಥಿ ಹಿಗ್ಗಿ ಮೂತ್ರ ಕಟ್ಟುತ್ತಿದ್ದರೆ ಮೂತ್ರದ ದಾರಿಯಲ್ಲೇ ಹೋಗಿ ಕೆರೆಯುವ ಟರ್ಪ್, ಅಥವಾ ಲೇಸರಿನಲ್ಲಿ ಮಾಡುವ ಹೋಲೆಪ್. ಇವೆರಡರಲ್ಲೂ ಒಳಗಿನ ತಿರುಳನ್ನು ತೆಗೆಯುತ್ತಾರೆ, ಹೊರಗಿನ ಸಿಪ್ಪೆ ಹಾಗೇ ಇರುತ್ತದೆ. ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದರೆ ರಾಡಿಕಲ್ ಪ್ರಾಸ್ಟೇಟೆಕ್ಟಮಿ. ಇದರಲ್ಲಿ ಇಡೀ ಗ್ರಂಥಿ, ಜೊತೆಗೆ ಅದಕ್ಕಂಟಿದ ವೀರ್ಯಕೋಶಗಳೂ ಹೋಗುತ್ತವೆ. ಕ್ಯಾನ್ಸರ್ ಮೂಳೆಗೋ ಬೇರೆ ಕಡೆಗೋ ಹರಡಿದ್ದರೆ ಆರ್ಕಿಡೆಕ್ಟಮಿ, ಅಂದರೆ ಎರಡೂ ಬೀಜ ತೆಗೆಯುವುದು. ಮೊದಲ ಎರಡರಲ್ಲಿ ಹಾರ್ಮೋನಿನ ಮೂಲಕ್ಕೆ ಧಕ್ಕೆಯಿಲ್ಲ. ಮೂರನೆಯದನ್ನು ಮಾಡುವುದೇ ಹಾರ್ಮೋನನ್ನು ನಿಲ್ಲಿಸಲು. ಒಪ್ಪಿಗೆ ಪತ್ರದಲ್ಲಿ ಆಪರೇಷನ್ನಿನ ಹೆಸರು ಬರೆದಿರುತ್ತಾರೆ. ಇಂಗ್ಲಿಷಿನಲ್ಲಿದ್ದರೆ ಓದಿ ಕನ್ನಡದಲ್ಲಿ ಹೇಳಿ ಅಂತ ಕೇಳಿ. ಅದು ನಿಮ್ಮ ಹಕ್ಕು.

## ಗ್ರಂಥಿ ಹಿಗ್ಗಿದ್ದಕ್ಕೆ ಆಪರೇಷನ್ ಆದವರು ಕೇಳುವುದು

“ಟರ್ಪ್ ಆದ್ಮೇಲೆ ಸುಖ ಆಗುತ್ತೆ, ಆದ್ರೆ ವೀರ್ಯ ಹೊರಗೇ ಬರಲ್ಲ. ಹಾರ್ಮೋನ್ ನಿಂತುಹೋಯ್ತಾ?”

ಹಾರ್ಮೋನ್ ನಿಂತಿಲ್ಲ. ವೀರ್ಯ ದಾರಿ ತಪ್ಪಿದೆ, ಅಷ್ಟೆ. ಸ್ಖಲನದ ಹೊತ್ತಿನಲ್ಲಿ ಮೂತ್ರಕೋಶದ ಕೊರಳು ಬಿಗಿದು ಮುಚ್ಚಿಕೊಳ್ಳಬೇಕು. ಟರ್ಪಿನಲ್ಲಿ ಆ ಜಾಗ ಅಗಲವಾಗಿರುವುದರಿಂದ ವೀರ್ಯ ಮುಂದಕ್ಕೆ ಬರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತದೆ, ಆಮೇಲೆ ಮೂತ್ರದ ಜೊತೆ ಹೊರಬೀಳುತ್ತದೆ. ಟರ್ಪ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೀಗಾಗುತ್ತದೆ. ಆರೋಗ್ಯಕ್ಕೆ ಇದರಿಂದ ಕೆಡುಕಿಲ್ಲ, ಆದರೆ ಇನ್ನೂ ಮಕ್ಕಳಾಗಬೇಕು ಅನ್ನುವವರು ಆಪರೇಷನ್ನಿಗೆ ಮೊದಲೇ ಡಾಕ್ಟರಿಗೆ ಹೇಳಬೇಕು. ಇದನ್ನು ಮುಂಚೆ ತಿಳಿಸದೇ ಇದ್ದರೆ ಗಂಡಸರು ಎಷ್ಟು ಹೆದರುತ್ತಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ನಮ್ಮ ವಾರ್ಡಿಗೆ ಬಂದವರಿಗೆಲ್ಲ ಹಿಂದಿನ ರಾತ್ರಿಯೇ ಹೇಳಿಬಿಡುತ್ತೇನೆ.

“ಆಪರೇಷನ್ ಆಗಿ ಹತ್ತು ದಿನ. ಸುಸ್ತು, ಯಾವುದ್ರಲ್ಲೂ ಆಸೆ ಇಲ್ಲ. ಟೆಸ್ಟೋಸ್ಟಿರಾನ್ ಟೆಸ್ಟ್ ಮಾಡಿಸ್ಲಾ?”

ಈಗ ಬೇಡ. ಹರ್ನಿಯಾ ಇರಲಿ, ಹೃದಯವಿರಲಿ, ದೊಡ್ಡ ಆಪರೇಷನ್ ಯಾವುದಾದರೂ ದೇಹ ಅದನ್ನು ಪೆಟ್ಟು ಎಂದೇ ತಿಳಿಯುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ, ಟೆಸ್ಟೋಸ್ಟಿರಾನ್ ಕೆಲವು ದಿನ ತಗ್ಗುತ್ತದೆ, ಗಾಯ ಮಾಗಿದಂತೆ ತಾನಾಗಿ ಮೇಲೆ ಬರುತ್ತದೆ. ಹತ್ತನೇ ದಿನ ರಕ್ತ ಕೊಟ್ಟು, ಕಡಿಮೆ ಬಂತೆಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಕೂರುವುದು ಬೇಡ. ಮೂರು ತಿಂಗಳಾದರೂ ಸುಸ್ತು ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆಯ ಜೊತೆಗೆ ಇದನ್ನೂ ನೋಡಿಸಬಹುದು.

“ಆಪರೇಷನ್ ಬೇಡ ಅಂತ ಮಾತ್ರೆ ಕೊಟ್ಟಿದ್ದಾರೆ. ಅದು ಹಾರ್ಮೋನ್ ಕಡಿಮೆ ಮಾಡುತ್ತಂತೆ, ಹೌದಾ?”

ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಆಗಿದ್ದರೆ ಡೈಹೈಡ್ರೋಟೆಸ್ಟೋಸ್ಟಿರಾನ್ ಇಳಿಯುತ್ತದೆ, ಟೆಸ್ಟೋಸ್ಟಿರಾನ್ ಇಳಿಯುವುದಿಲ್ಲ. ಕೆಲವರಿಗೆ ಆಸೆ ಕಡಿಮೆಯಾಗುವುದುಂಟು. ಟ್ಯಾಮ್ಸುಲೋಸಿನ್ ಬರೀ ಸ್ನಾಯುವನ್ನು ಸಡಿಲಿಸುವ ಮಾತ್ರೆ, ಹಾರ್ಮೋನಿನ ಗೊಡವೆಗೇ ಹೋಗುವುದಿಲ್ಲ. ಒಂದು ವಿಷಯ ಮರೆಯಬೇಡಿ: ಫಿನಾಸ್ಟರೈಡನ್ನು ಆರು ತಿಂಗಳಿಗಿಂತ ಹೆಚ್ಚು ತೆಗೆದುಕೊಂಡವರಲ್ಲಿ ಪ್ರಾಸ್ಟೇಟಿನ ಸ್ಥಿತಿ ತಿಳಿಸುವ ರಕ್ತಪರೀಕ್ಷೆಯ ಅಂಕಿ, ಅಂದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಹೊಸ ಡಾಕ್ಟರ ಹತ್ತಿರ ಹೋದಾಗ ಈ ಮಾತ್ರೆಯ ಹೆಸರು ಹೇಳದಿದ್ದರೆ, 4 ಎಂದು ಓದಬೇಕಾದ್ದನ್ನು ಅವರು 2 ಎಂದು ಓದಿಬಿಡಬಹುದು.

## ಕ್ಯಾನ್ಸರಿಗೆ ಇಡೀ ಪ್ರಾಸ್ಟೇಟ್ ತೆಗೆಸಿದವರು ಕೇಳುವುದು

“ಪೂರ್ತಿ ತೆಗೆದ್ರೆ ರಕ್ತದಲ್ಲಿರೋ ಟೆಸ್ಟೋಸ್ಟಿರಾನ್ ಏನಾಗುತ್ತೆ? ಕಮ್ಮಿ ಆಗ್ಲೇಬೇಕಲ್ವಾ?”

ಕಮ್ಮಿಯಾಗಬೇಕು ಎಂದೇ ಎಲ್ಲರಿಗೂ ಅನ್ನಿಸುತ್ತದೆ. ಅಮೆರಿಕದಲ್ಲಿ ರಾಡಿಕಲ್ ಆಪರೇಷನ್ನಿಗೆ ಮೊದಲೂ, ಒಂದು ವರ್ಷದ ನಂತರವೂ ಅದೇ ರೋಗಿಗಳ ರಕ್ತ ಅಳೆದು ನೋಡಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಟೆಸ್ಟೋಸ್ಟಿರಾನ್ ಕೊಂಚ ಏರಿತ್ತು. ಬೀಜಕ್ಕೆ ‘ಕೆಲಸ ಮಾಡು’ ಎಂದು ಮಿದುಳಿನ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಏರಿದ್ದವು. ಇಳಿದದ್ದು ಡೈಹೈಡ್ರೋಟೆಸ್ಟೋಸ್ಟಿರಾನ್. ಅದನ್ನು ತಯಾರಿಸುತ್ತಿದ್ದ ಗ್ರಂಥಿಯೇ ಇಲ್ಲವಲ್ಲ.

ಏರಿದ್ದೇಕೆ ಎನ್ನುವುದಕ್ಕೆ ಅಧ್ಯಯನ ಮಾಡಿದವರು ಕೊಟ್ಟ ಊಹೆ ಹೀಗಿದೆ. ಪ್ರಾಸ್ಟೇಟಿನಲ್ಲಿ ತಯಾರಾದ ಏನೋ ಒಂದು, ಬಹುಶಃ ಡೈಹೈಡ್ರೋಟೆಸ್ಟೋಸ್ಟಿರಾನೇ ಇರಬಹುದು, ‘ಸಾಕು’ ಎಂದು ಮಿದುಳಿಗೆ ಹಿಂದಿರುಗಿ ಹೇಳುತ್ತಿತ್ತು. ಆ ದನಿ ನಿಂತಾಗ ಮಿದುಳು ಬೀಜಕ್ಕೆ ಇನ್ನಷ್ಟು ಕೆಲಸ ಹೇಳಿತು. ವ್ಯತ್ಯಾಸ ಸಣ್ಣದು, ನಿಮ್ಮ ದಿನನಿತ್ಯದ ಬದುಕಿನಲ್ಲಿ ಗೊತ್ತಾಗುವಂಥದ್ದಲ್ಲ. ಆಪರೇಷನ್ ತೆರೆದು ಮಾಡಿದ್ದೋ ರೋಬೋಟಿನಲ್ಲಿ ಮಾಡಿದ್ದೋ ಎನ್ನುವುದರಿಂದಲೂ ಹಾರ್ಮೋನಿನ ಲೆಕ್ಕ ಬದಲಾಗುವುದಿಲ್ಲ.

“ಹಾರ್ಮೋನ್ ಸರಿ ಇದೆ ಅಂತೀರಿ. ಮತ್ತೆ ನಿಮಿರೋದೇ ಇಲ್ವಲ್ಲ, ಯಾಕೆ?”

ಯಾಕೆಂದರೆ ಅದು ನರಗಳ ಕೆಲಸ. ಪ್ರಾಸ್ಟೇಟಿನ ಎರಡೂ ಮಗ್ಗುಲಲ್ಲಿ, ಗ್ರಂಥಿಗೆ ಅಂಟಿಕೊಂಡಂತೆ, ಕೂದಲೆಳೆಯಂಥ ನರಗಳ ಗೊಂಚಲು ಶಿಶ್ನದ ಕಡೆಗೆ ಹೋಗುತ್ತದೆ. 1980ರ ದಶಕದವರೆಗೆ ಸರ್ಜನ್ನರಿಗೆ ಇವು ಎಲ್ಲಿ ಹಾದುಹೋಗುತ್ತವೆ ಎನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ, ರಾಡಿಕಲ್ ಆದವರು ಹೆಚ್ಚುಕಡಿಮೆ ಎಲ್ಲರೂ ನಿಮಿರುವ ಶಕ್ತಿ ಕಳೆದುಕೊಳ್ಳುತ್ತಿದ್ದರು. ಹಾಲೆಂಡಿನ ಲೈಡನ್ನಿನಲ್ಲಿ ಪೀಟರ್ ಡಾಂಕರ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸಿನ ಪ್ಯಾಟ್ರಿಕ್ ವಾಲ್ಷ್ ಸೇರಿ 1981ರಲ್ಲಿ ಆ ದಾರಿಯನ್ನು ಗುರುತಿಸಿದರು. ಮರುವರ್ಷ ವಾಲ್ಷ್ ನರಗಳನ್ನು ಉಳಿಸಿಕೊಂಡು ಆಪರೇಷನ್ ಮಾಡಿದರು. ಇವತ್ತು ನಿಮ್ಮ ಡಿಸ್ಚಾರ್ಜ್ ಕಾರ್ಡಿನಲ್ಲಿ ‘ನರ್ವ್ ಸ್ಪೇರಿಂಗ್’ ಅಂತ ಬರೆದಿದ್ದರೆ ಅದರ ಹಿಂದೆ ಇಷ್ಟು ಕಥೆಯಿದೆ.

ನರ ಉಳಿಸಿದರೂ ಎಳೆದಾಟಕ್ಕೆ ಸಿಕ್ಕಿ ಅವು ಮಂಕಾಗಿರುತ್ತವೆ. ಚೇತರಿಸಿಕೊಳ್ಳಲು ಒಂದೂವರೆ, ಎರಡು ವರ್ಷವೂ ಹಿಡಿಯಬಹುದು. ಕ್ಯಾನ್ಸರ್ ನರದ ಹತ್ತಿರವೇ ಇದ್ದರೆ ಜೀವ ಉಳಿಸಲು ನರವನ್ನು ತೆಗೆಯಲೇಬೇಕಾಗುತ್ತದೆ. ಆಸೆ ಇದೆ, ಮೈ ಒಪ್ಪುತ್ತಿಲ್ಲ ಎಂದರೆ ಅದು ನರದ ತೊಂದರೆ ಎಂಬುದಕ್ಕೆ ಒಳ್ಳೆಯ ಸುಳಿವು. ಆಸೆಯೇ ಇಲ್ಲ ಎಂದರೆ ಹಾರ್ಮೋನನ್ನೋ ಮನಸ್ಸಿನ ಕುಗ್ಗುವಿಕೆಯನ್ನೋ ನೋಡಬೇಕು. ಸಿಲ್ಡೆನಾಫಿಲ್‌ನಂಥ ಮಾತ್ರೆ, ಹೀರುಪಂಪು, ಶಿಶ್ನಕ್ಕೆ ಕೊಡುವ ಇಂಜೆಕ್ಷನ್ ಎಲ್ಲವೂ ಲಭ್ಯ ಇವೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು ಮಾತ್ರ ಸಿಲ್ಡೆನಾಫಿಲನ್ನು ಮುಟ್ಟಬಾರದು. ರಕ್ತದೊತ್ತಡ ದಿಢೀರನೆ ಕುಸಿದು ಜೀವಕ್ಕೆ ಅಪಾಯವಾಗುತ್ತದೆ. ಸ್ನೇಹಿತರು ಕೊಟ್ಟರು ಅಂತ ಹೆಸರಿಲ್ಲದ ‘ಶಕ್ತಿ’ ಪುಡಿ ತಿನ್ನುವುದೂ ಇದೇ ಕಾರಣಕ್ಕೆ ಬೇಡ. ಅಂಥವುಗಳಲ್ಲಿ ಚೀಟಿಯ ಮೇಲೆ ಬರೆಯದೆ ಸಿಲ್ಡೆನಾಫಿಲ್ ಬೆರೆಸಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ.

## ಬೀಜ ತೆಗೆಯುವ ಆಪರೇಷನ್ ಬಗ್ಗೆ

“ಕ್ಯಾನ್ಸರ್ ಇರೋದು ಪ್ರಾಸ್ಟೇಟಲ್ಲಿ. ಬೀಜ ಏನು ತಪ್ಪು ಮಾಡ್ತು?”

ತಪ್ಪು ಮಾಡಿಲ್ಲ, ಊಟ ಹಾಕುತ್ತಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹೋಗಿ ಕೂತರೂ ಅದು ಪ್ರಾಸ್ಟೇಟಿನದೇ ಸಂತಾನ, ಅದಕ್ಕೂ ಟೆಸ್ಟೋಸ್ಟಿರಾನ್ ಬೇಕು. ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ 1941ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಬೀಜ ತೆಗೆದಾಗ, ಇಲ್ಲವೇ ಹೆಣ್ಣು ಹಾರ್ಮೋನ್ ಕೊಟ್ಟಾಗ, ಹರಡಿದ ರೋಗದ ಗುರುತಾದ ಆಸಿಡ್ ಫಾಸ್ಫಟೇಸ್ ರಕ್ತದಲ್ಲಿ ಇಳಿಯಿತು, ಮೂಳೆನೋವಿನಿಂದ ನರಳುತ್ತಿದ್ದವರಿಗೆ ಆರಾಮವಾಯಿತು. ಈ ಕೆಲಸಕ್ಕೆ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು.

ರೋಗವನ್ನು ಇದು ಪೂರ್ತಿ ವಾಸಿ ಮಾಡುವುದಿಲ್ಲ, ಹತೋಟಿಯಲ್ಲಿಡುತ್ತದೆ. ಬೆನ್ನು ಎತ್ತಲಾರದೆ ಸ್ಟ್ರೆಚರಿನಲ್ಲಿ ಬಂದವರು ಒಂದು ವಾರದಲ್ಲಿ ತಾವೇ ಬಚ್ಚಲಿಗೆ ನಡೆದುಹೋಗುವುದನ್ನು ನಾನು ನೋಡಿದ್ದೇನೆ.

“ತೆಗೆದ್ಮೇಲೆ ಹಾರ್ಮೋನ್ ಇಳಿಯೋಕೆ ಎಷ್ಟು ದಿನ ಬೇಕು?”

ದಿನವಲ್ಲ, ಗಂಟೆಗಳು. ಸಾಮಾನ್ಯವಾಗಿ 12 ಗಂಟೆಯೊಳಗೆ ತಳ ಮುಟ್ಟುತ್ತದೆ. ವಯಸ್ಕ ಗಂಡಸಿನ ರಕ್ತದಲ್ಲಿ ಡೆಸಿಲೀಟರಿಗೆ 300ರಿಂದ 1,000 ನ್ಯಾನೋಗ್ರಾಂ ಟೆಸ್ಟೋಸ್ಟಿರಾನ್ ಇರುತ್ತದೆ. ಚಿಕಿತ್ಸೆಯ ಗುರಿ ಅದನ್ನು 50ರ ಕೆಳಗಿಡುವುದು. ಬೀಜ ತೆಗೆದವರಲ್ಲಿ ಅದು ಹೆಚ್ಚಾಗಿ 20ರ ಕೆಳಗೇ ಇರುತ್ತದೆ.

“ಇಂಜೆಕ್ಷನ್ ಇದೆಯಂತಲ್ಲ, ಆಪರೇಷನ್ ಯಾಕೆ? ಎರಡರಲ್ಲಿ ಯಾವುದು ಮೇಲು?”

ಹಾರ್ಮೋನ್ ಇಳಿಸುವುದರಲ್ಲಿ ಎರಡೂ ಸಮ. ವ್ಯತ್ಯಾಸ ಬೇರೆ ಕಡೆ ಇದೆ. ಲ್ಯುಪ್ರೊಲೈಡ್, ಗೊಸೆರೆಲಿನ್ ಜಾತಿಯ ಇಂಜೆಕ್ಷನ್ನುಗಳು ಪಿಟ್ಯುಟರಿಯನ್ನು ಮೊದಲು ಕೆರಳಿಸಿ ಆಮೇಲೆ ದಣಿಸುತ್ತವೆ. ಹಾಗಾಗಿ ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನ್ ಏರಿ, ತಗ್ಗಲು ಮೂರ್ನಾಲ್ಕು ವಾರವಾಗುತ್ತದೆ. ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದವರಿಗೆ ಆ ಏರಿಕೆ ಅಪಾಯ, ಬೆನ್ನುಹುರಿ ಒತ್ತಿ ಕಾಲು ಸ್ವಾಧೀನ ತಪ್ಪಬಹುದು. ಅದಕ್ಕೇ ಹಾರ್ಮೋನಿನ ಕೆಲಸವನ್ನು ತಡೆಯುವ ಬೈಕಾಲುಟಮೈಡ್ ಮಾತ್ರೆಯನ್ನು ಮುಂಚಿತವಾಗಿ ಕೊಡುತ್ತಾರೆ. ಡೆಗರೆಲಿಕ್ಸ್ ಎಂಬ ಇಂಜೆಕ್ಷನ್ನಿಗೆ ಈ ಏರಿಕೆಯ ಕಾಟವಿಲ್ಲ.

ಇಂಜೆಕ್ಷನ್ ನಿಲ್ಲಿಸಿದರೆ ಹಾರ್ಮೋನ್ ನಿಧಾನಕ್ಕೆ ಮರಳಬಹುದು, ಆಪರೇಷನ್ನಿನಲ್ಲಿ ಮರಳುವ ಮಾತೇ ಇಲ್ಲ. ಆದರೆ ಇಂಜೆಕ್ಷನ್ನನ್ನು ತಿಂಗಳಿಗೋ ಮೂರು ತಿಂಗಳಿಗೋ ತಪ್ಪದೆ ಹಾಕಿಸಿಕೊಳ್ಳಬೇಕು, ಪ್ರತಿ ಸಲವೂ ದುಡ್ಡು ಬೇಕು, ಊರಿಂದ ಬರಬೇಕು. ಬಸ್ ಚಾರ್ಜಿಗೆ ಪರದಾಡಿ ಎರಡು ಡೋಸ್ ತಪ್ಪಿಸಿಕೊಂಡು ಮತ್ತೆ ಮೂಳೆನೋವಿನಿಂದ ಬರುವವರನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಆಪರೇಷನ್ ಒಂದೇ ಸಲದ್ದು, ಅರ್ಧ ಮುಕ್ಕಾಲು ಗಂಟೆಯ ಕೆಲಸ. ಬೀಜದ ಚೀಲ ಖಾಲಿಯಾಗುತ್ತದೆ ಎಂಬ ಅಳುಕಿದ್ದರೆ ಸಬ್‌ಕ್ಯಾಪ್ಸುಲರ್ ವಿಧಾನ ಕೇಳಿ. ಅದರಲ್ಲಿ ಒಳಗಿನ ತಿರುಳನ್ನಷ್ಟೇ ತೆಗೆದು ಹೊರಪೊರೆ ಬಿಡುತ್ತಾರೆ, ಕೈಗೆ ಸಣ್ಣ ಗಂಟಿನಂತೆ ಸಿಗುತ್ತದೆ. ಖರ್ಚಿನ ವಿಷಯಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವುದಕ್ಕೆ ಮಂಜೂರಾತಿ ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ.

“ನಮ್ಮೆಜಮಾನ್ರು ರಾತ್ರಿ ಮೂರು ಸಲ ಎದ್ದು ಬನಿಯನ್ ಬದಲಾಯಿಸ್ತಾರೆ. ಜ್ವರ ಇಲ್ಲ. ಏನಿದು?”

ಹೀಗೆ ಕೇಳಿದ ತಾಯಿ ಮುಂದಕ್ಕೆ ಮೆಲ್ಲಗೆ, “ನಂಗೆ ಮುಟ್ಟು ನಿಂತಾಗ ಹಿಂಗೇ ಆಗ್ತಿತ್ತು” ಅಂದರು. ಅವರೇ ಸರಿಯಾದ ಉತ್ತರ ಹೇಳಿಬಿಟ್ಟಿದ್ದರು. ಮೈಯ ಬಿಸಿ ತಂಪನ್ನು ನೋಡಿಕೊಳ್ಳುವ ಮಿದುಳಿನ ಭಾಗಕ್ಕೆ ಹಾರ್ಮೋನ್ ಏಕಾಏಕಿ ಇಲ್ಲವಾದಾಗ ಅಳತೆ ತಪ್ಪುತ್ತದೆ. ಸ್ವಲ್ಪ ಸೆಖೆಯಾದರೂ ‘ಬೆಂಕಿ’ ಎಂದು ತಿಳಿದು ರಕ್ತನಾಳಗಳನ್ನು ತೆರೆದು ಬೆವರು ಸುರಿಸುತ್ತದೆ. ಮುಖ ಕೆಂಪಗಾಗಿ, ಕತ್ತಿನಿಂದ ಎದೆಯವರೆಗೆ ಬಿಸಿ ಹರಿದು, ಕೆಲವು ನಿಮಿಷದಲ್ಲಿ ಚಳಿ ಹತ್ತುತ್ತದೆ. ಬೀಜ ತೆಗೆಸಿದ ಅಥವಾ ಇಂಜೆಕ್ಷನ್ ಪಡೆದ ಬಹುಪಾಲು ಗಂಡಸರಿಗೆ ಇದು ಬರುತ್ತದೆ.

ಖಾರ, ಬಿಸಿ ಕಾಫಿ, ಮದ್ಯ ಇದನ್ನು ಕೆದಕುತ್ತವೆ. ಹತ್ತಿ ಬಟ್ಟೆ, ತಲೆದಿಂಬಿನ ಹತ್ತಿರ ಒದ್ದೆ ಟವೆಲ್, ಸಣ್ಣ ಫ್ಯಾನ್ ಇಟ್ಟುಕೊಂಡರೆ ಉಪಯೋಗವಾಗುತ್ತದೆ. ನಿದ್ದೆಯೇ ಹಾಳಾಗುತ್ತಿದ್ದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್ ತರಹದ ಔಷಧಿಗಳಿವೆ, ಡಾಕ್ಟರನ್ನು ಕೇಳಿ. ಎದ್ದು ಕೂತವರ ಬೆನ್ನೊರೆಸಿ, “ನಂಗೂ ಆಗಿತ್ತು, ಹೋಗುತ್ತೆ” ಅಂತ ಆ ತಾಯಿ ಹೇಳಿದ್ದರಂತೆ. ಯಜಮಾನರು ಮುಂದಿನ ಸಲ ಬಂದಾಗ ನನ್ನ ಹತ್ತಿರ ಮೊದಲು ಹೇಳಿದ್ದು ಅದನ್ನೇ.

“ದನಿ ಹೆಣ್ಣಿನ ಥರ ಆಗುತ್ತಾ? ಮೀಸೆ ಉದುರುತ್ತಾ?”

ದನಿ ಬದಲಾಗುವುದಿಲ್ಲ. ಹರೆಯದಲ್ಲಿ ಒಮ್ಮೆ ಒಡೆದ ದನಿ ಒಡೆದ ಹಾಗೇ ಉಳಿಯುತ್ತದೆ. ಮೀಸೆ ಇರುತ್ತದೆ, ಗಡ್ಡ ಬೆಳೆಯುವುದು ನಿಧಾನವಾಗಬಹುದು, ಮೈಕೂದಲು ತೆಳುವಾಗಬಹುದು. ಎದೆಯ ಭಾಗ ಕೆಲವರಿಗೆ ಉಬ್ಬಿ ನೋಯುತ್ತದೆ. ಆಸೆ ಮಾತ್ರ ಹೆಚ್ಚಿನವರಲ್ಲಿ ತೀರಾ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಂಡ ಹೆಂಡತಿ ಇಬ್ಬರಿಗೂ ಮೊದಲೇ ಗೊತ್ತಿರಬೇಕು.

“ಇನ್ಮೇಲೆ ಊಟ ತಿಂಡೀಲಿ ಏನಾದ್ರೂ ಜೋಪಾನ ಮಾಡ್ಬೇಕಾ?”

ಮೂಳೆಯ ಜೋಪಾನ ಮುಖ್ಯ. ಗಂಡಸಿನ ಮೂಳೆಯನ್ನು ಗಟ್ಟಿಯಾಗಿಡುವುದರಲ್ಲಿ ಟೆಸ್ಟೋಸ್ಟಿರಾನಿನಿಂದಲೇ ತಯಾರಾಗುವ ಎಸ್ಟ್ರಾಡಯೋಲ್ ಎಂಬ ಹೆಣ್ಣು ಹಾರ್ಮೋನಿನ ಪಾತ್ರ ದೊಡ್ಡದು. ಒಂದು ಹೋದರೆ ಇನ್ನೊಂದೂ ಹೋಗುತ್ತದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಬಂದರೆ ಕ್ಯಾನ್ಸರಿಗಿಂತ ಅದೇ ಹೆಚ್ಚು ಕಾಡುತ್ತದೆ. ಶುರುವಿನಲ್ಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ನೋಡಿಸಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮುದ್ದೆ, ಮಜ್ಜಿಗೆ, ಸೊಪ್ಪು ತಿನ್ನುವವರು ಅರ್ಧ ದಾರಿ ಬಂದಿದ್ದಾರೆ. ಮೂಳೆ ಸವೆಯದಂತೆ ತಡೆಯುವ ಜೊಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಬರೆದಿದ್ದರೆ ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಬೇಕಾದ ಹಲ್ಲಿದ್ದರೆ ಆಗಲೇ ಕೀಳಿಸಿ. ಹಾರ್ಮೋನ್ ಇಲ್ಲದೆ ಮಾಂಸಖಂಡ ಕರಗಿ ಬೊಜ್ಜು ಸೇರುತ್ತದೆ, ಸಕ್ಕರೆ ಏರಬಹುದು, ಹಿಮೋಗ್ಲೋಬಿನ್ ಕೊಂಚ ಇಳಿಯುತ್ತದೆ. ಬರೀ ನಡಿಗೆ ಸಾಲದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವಂಥ ಬಲದ ವ್ಯಾಯಾಮವೂ ಬೇಕು.

## ಇನ್ನೂ ಆಳಕ್ಕೆ ಹೋದವರು ಕೇಳುವುದು

“ಬೀಜ ತೆಗೆಸಿ ಎರಡು ವರ್ಷ. ಟೆಸ್ಟೋಸ್ಟಿರಾನ್ 15 ಇದೆ, ಪಿಎಸ್‌ಎ ಮಾತ್ರ ಏರ್ತಿದೆ. ಹೆಂಗೆ ಸಾಧ್ಯ?”

ಕ್ಯಾನ್ಸರ್ ಕೋಶಗಳು ಬರಗಾಲಕ್ಕೆ ಒಗ್ಗಿಕೊಂಡಿವೆ. ಅಡ್ರಿನಲ್ ಗ್ರಂಥಿಯಿಂದ ಬರುವ ದುರ್ಬಲ ಹಾರ್ಮೋನನ್ನು ಹಿಡಿದು ಅವು ತಾವೇ ಟೆಸ್ಟೋಸ್ಟಿರಾನ್ ಮಾಡಿಕೊಳ್ಳುತ್ತವೆ, ಅಥವಾ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ಚೂರಿನಲ್ಲೇ ಬೆಳೆಯುತ್ತವೆ. ಅಬಿರಾಟೆರೋನ್ ಮಾತ್ರೆ ಅಡ್ರಿನಲ್ ಮತ್ತು ಗಡ್ಡೆ ಎರಡರಲ್ಲೂ ಈ ತಯಾರಿಕೆಯನ್ನು ತಡೆಯುತ್ತದೆ. ಅದರ ಜೊತೆ ಬರೆಯುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು. ಎನ್ಜಲುಟಮೈಡ್ ಗ್ರಾಹಕಕ್ಕೇ ಬೀಗ ಹಾಕುತ್ತದೆ. ರೋಗ ಹರಡಿ ಬಂದವರಿಗೆ ಇವನ್ನು ಈಗೀಗ ಪಿಎಸ್‌ಎ ಏರುವವರೆಗೆ ಕಾಯದೆ ಶುರುವಿನಲ್ಲೇ ಸೇರಿಸುತ್ತಾರೆ.

“ರಾಡಿಕಲ್ ಆಗಿ ಮೂರು ವರ್ಷ, ಪಿಎಸ್‌ಎ ಸೊನ್ನೆ. ಟೆಸ್ಟೋಸ್ಟಿರಾನ್ ನಿಜವಾಗ್ಲೂ ಕಡಿಮೆ ಇದೆ. ಅದರ ಇಂಜೆಕ್ಷನ್ ತಗೋಬಹುದಾ?”

ಹಿಂದೆ ಒಂದೇ ಉತ್ತರವಿತ್ತು: ಬೆಂಕಿಗೆ ತುಪ್ಪ ಸುರಿಯಬೇಡಿ. ಈಗ ಆ ಉತ್ತರ ಸಡಿಲವಾಗಿದೆ. ಪ್ರಾಸ್ಟೇಟ್ ಕೋಶದ ಗ್ರಾಹಕಗಳು ಕಡಿಮೆ ಮಟ್ಟದ ಟೆಸ್ಟೋಸ್ಟಿರಾನಿನಲ್ಲೇ ತುಂಬಿಹೋಗುತ್ತವೆ, ಅದರ ಮೇಲೆ ಎಷ್ಟು ಸುರಿದರೂ ಹೆಚ್ಚು ವ್ಯತ್ಯಾಸವಾಗದು ಎಂಬ ವಾದವನ್ನು ಅಮೆರಿಕದ ಏಬ್ರಹಾಂ ಮಾರ್ಗೆಂಟೇಲರ್ ಮುಂದಿಟ್ಟರು. ಗಡ್ಡೆ ಪೂರ್ತಿ ಹೋಗಿ, ಪಿಎಸ್‌ಎ ಸೊನ್ನೆಯಲ್ಲೇ ನಿಂತವರಿಗೆ ಪರಿಣತರು ಕಣ್ಗಾವಲಿನಲ್ಲಿ ಕೊಡುವುದುಂಟು. ಪಿಎಸ್‌ಎ ಜೊತೆಗೆ ರಕ್ತದ ಗಟ್ಟಿತನವನ್ನೂ ಆಗಾಗ ನೋಡುತ್ತಾರೆ. ಹರಡಿದ ಕ್ಯಾನ್ಸರ್ ಇರುವವರಿಗೆ ಇದು ಸಲ್ಲದು. ಜಿಮ್ಮಿನಲ್ಲಿ ಯಾರೋ ಕೊಟ್ಟ ಇಂಜೆಕ್ಷನ್ನಂತೂ ಯಾರಿಗೂ ಸಲ್ಲದು.

“ಒಂದು ಲ್ಯಾಬಲ್ಲಿ 420 ಅಂತ ಬಂತು, ಇನ್ನೊಂದ್ರಲ್ಲಿ 4.2. ನಾನು ಮುಗಿದೇ ಹೋದೆನಾ?”

ಇಲ್ಲ, ಎರಡೂ ಒಂದೇ. ಈ ಕರೆ ಬಂದದ್ದು ರಾತ್ರಿ ಹನ್ನೊಂದಕ್ಕೆ, ಮೇಷ್ಟ್ರಾಗಿ ನಿವೃತ್ತರಾದವರಿಂದ. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನು ಬರೆದಿದೆ ಓದಿ ಅಂದೆ. ಒಂದರಲ್ಲಿ ಡೆಸಿಲೀಟರಿಗೆ ನ್ಯಾನೋಗ್ರಾಂ, ಇನ್ನೊಂದರಲ್ಲಿ ಮಿಲಿಲೀಟರಿಗೆ. ಡೆಸಿಲೀಟರ್ ಎಂದರೆ ನೂರು ಮಿಲಿಲೀಟರ್, ಆದ್ದರಿಂದ 4.2 ಅನ್ನು ನೂರರಿಂದ ಗುಣಿಸಿದರೆ 420. ಲೆಕ್ಕದ ಮೇಷ್ಟ್ರೇ ಆಗಿದ್ದರು, ಫೋನಿನಲ್ಲೇ ದೊಡ್ಡದಾಗಿ ಉಸಿರು ಬಿಟ್ಟರು. ಕೆಲವು ಲ್ಯಾಬುಗಳು ಲೀಟರಿಗೆ ನ್ಯಾನೋಮೋಲ್ ಲೆಕ್ಕದಲ್ಲಿ ಕೊಡುತ್ತವೆ, ಅದನ್ನು 28.8ರಿಂದ ಗುಣಿಸಿದರೆ ಡೆಸಿಲೀಟರಿಗೆ ನ್ಯಾನೋಗ್ರಾಂ ಲೆಕ್ಕ ಸಿಗುತ್ತದೆ.

ರಕ್ತವನ್ನು ಬೆಳಿಗ್ಗೆ ಏಳರಿಂದ ಹತ್ತರೊಳಗೆ ಕೊಡಿ, ಸಂಜೆಗೆ ಟೆಸ್ಟೋಸ್ಟಿರಾನ್ ತಾನಾಗಿ ತಗ್ಗಿರುತ್ತದೆ. ಕಡಿಮೆ ಬಂದರೆ ಬೇರೆ ದಿನ, ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಟೆಸ್ಟೋಸ್ಟಿರಾನನ್ನು ಇರುವುದಕ್ಕಿಂತ ಹೆಚ್ಚು ಎಂದೂ, ಪಿಎಸ್‌ಎಯನ್ನು ಇರುವುದಕ್ಕಿಂತ ಕಡಿಮೆ ಎಂದೂ ತೋರಿಸಿಬಿಡುತ್ತದೆ. ಮೇಷ್ಟ್ರ ಮಗಳು ಅಪ್ಪನ ಕೂದಲಿಗೆಂದು ತಂದುಕೊಟ್ಟ ಡಬ್ಬಿಯಲ್ಲೂ ಅದೇ ಇತ್ತು. ನಿಲ್ಲಿಸಿ ಮೂರು ದಿನ ಬಿಟ್ಟು ಪಿಎಸ್‌ಎಗೆ ಮತ್ತೆ ರಕ್ತ ಕೊಡಲು ಹೇಳಿದೆ.